ಹಿಮ್ಮಾಹಿತಿಯೆಂಬ ಹೊನ್ನಶೂಲ

ಸೇವಾನಿರತ ಶಿಕ್ಷಕರ ತರಬೇತಿಗೆ ಹೋಗಿ ಬಂದವರೆಲ್ಲರೂ ಒಂದು ಹಾಳೆಯನ್ನು ಬಲ್ಲರು. ಕೊನೆಯ ದಿನದ ಕೊನೆಯ ಗಂಟೆಯಲ್ಲಿ ಅದು ಕೈಸೇರುತ್ತದೆ. ಮೇಲೆ ‘ಹಿಮ್ಮಾಹಿತಿ ನಮೂನೆ’ ಎಂಬ ತಲೆಬರಹ. ಕೆಳಗೆ ಸಾಲಾಗಿ ಪ್ರಶ್ನೆಗಳು: ಸಂಪನ್ಮೂಲ ವ್ಯಕ್ತಿಗಳ ವಿಷಯ ಪ್ರಭುತ್ವ ಹೇಗಿತ್ತು, ಬೋಧನೋಪಕರಣಗಳ ಬಳಕೆ ಹೇಗಿತ್ತು, ಊಟೋಪಚಾರ ಹೇಗಿತ್ತು. ಬಲಗಡೆ ನಾಲ್ಕು ಕಾಲಂಗಳು: ಅತ್ಯುತ್ತಮ, ಉತ್ತಮ, ಸಾಧಾರಣ, ತೃಪ್ತಿಕರವಲ್ಲ. ಶಿಬಿರಾರ್ಥಿಯ ಪೆನ್ನು ಮೊದಲನೆಯ ಕಾಲಂನಲ್ಲಿ, ಬಾವಿಗೆ ಬಿಟ್ಟ ಹಗ್ಗದ ಹಾಗೆ, ಎಲ್ಲಿಯೂ ತಡೆಯದೆ ಮೇಲಿನಿಂದ ಕೆಳಕ್ಕೆ ಇಳಿದುಬಿಡುತ್ತದೆ. ಈ ಹಾಳೆಯಿಂದ ತರಬೇತಿಯ ಅಳತೆಯೂ ಆಗುವುದಿಲ್ಲ, ತರಬೇತಿ ಕೊಡುವವರ ಬೆಳವಣಿಗೆಯೂ ಆಗುವುದಿಲ್ಲ. ಹೊಗಳಿಕೆಯನ್ನು ನಮ್ಮ ಹಿರಿಯರು ಹೊನ್ನಶೂಲವೆಂದು ಕರೆದರು. ಏರಿಸಿದ್ದು ಹೊನ್ನಿನದೇ ಆದರೂ ಅದು ಶೂಲವೇ. ಈ ಹಾಳೆಯನ್ನು ಈಗಿನ ರೂಪದಲ್ಲಿ ಕೈಬಿಡಬೇಕು, ಕಲಿಯಲು ಬಂದವರ ಮಾತನ್ನು ನಿಜವಾಗಿ ಕೇಳುವ ಕೆಲಸವನ್ನು ಆರಂಭಿಸಬೇಕು ಎಂಬುದು ನನ್ನ ವಾದ.

ಇದು ಕೇವಲ ಶಿಕ್ಷಕರ ಸಂಗತಿಯೆಂದು ನೀವು ಪುಟ ಮಗುಚಬಾರದು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಾಲೆಗಳಲ್ಲಿದ್ದೀರಿ. ಇನ್ನು ಹಲವರು ಬೆಂಗಳೂರು, ಪುಣೆ, ಹುಬ್ಬಳ್ಳಿಗಳ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿದ್ದೀರಿ. ನಮ್ಮ ಬಂಧುಗಳ ಮಕ್ಕಳಲ್ಲಿ ಕೆಲವರು ಇಂಥ ತರಬೇತಿಗಳನ್ನು ಏರ್ಪಡಿಸುವ ಹುದ್ದೆಗಳಲ್ಲಿಯೇ ಇದ್ದಾರೆ. ನಿಮ್ಮಲ್ಲಿ ಆ ಹಾಳೆ ಮೊಬೈಲಿನ ಪರದೆಯ ಮೇಲೆ ಐದು ನಕ್ಷತ್ರಗಳ ರೂಪದಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ನಾನು ಬಲ್ಲದ್ದು ಶಿಕ್ಷಕರ ಲೋಕವಾದ್ದರಿಂದ ಅಲ್ಲಿಯ ಉದಾಹರಣೆಗಳನ್ನೇ ತೆಗೆದುಕೊಳ್ಳುತ್ತೇನೆ.

ಮೊದಲು ಈ ತರಬೇತಿಗಳ ಗಾತ್ರವನ್ನು ನೋಡೋಣ. 1964-66ರ ಕೊಠಾರಿ ಆಯೋಗವು ಪ್ರತಿಯೊಬ್ಬ ಶಿಕ್ಷಕನಿಗೂ ಐದು ವರ್ಷಗಳ ಸೇವೆಯಲ್ಲಿ ಎರಡು ಮೂರು ತಿಂಗಳ ಸೇವಾನಿರತ ಶಿಕ್ಷಣ ದೊರೆಯಬೇಕೆಂದು ಹೇಳಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು ಬಂದವು. 1994ರ ಸುಮಾರಿಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಕರ್ನಾಟಕದಲ್ಲಿ ಆರಂಭವಾದಾಗ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಉಳಿದವು ಕೋಲಾರ, ಮಂಡ್ಯ, ರಾಯಚೂರು. ಕ್ಷೇತ್ರ ಸಂಪನ್ಮೂಲ ಕೇಂದ್ರ, ಸಮೂಹ ಸಂಪನ್ಮೂಲ ಕೇಂದ್ರ, ಸಿ.ಆರ್.ಪಿ., ಬಿ.ಆರ್.ಪಿ. ಎಂಬ ಹೆಸರುಗಳು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಶಾಲೆಗಳಲ್ಲಿ ಹಾಗೂ ಇಂದು ಸ್ವತಂತ್ರ ತಾಲೂಕಾಗಿರುವ ಕಿತ್ತೂರಿನಲ್ಲಿ ದಿನಬಳಕೆಯ ಮಾತಾದವು. ಮುಂದೆ ಸರ್ವ ಶಿಕ್ಷಣ ಅಭಿಯಾನದ ನಿಯಮಾವಳಿಯು ವರ್ಷಕ್ಕೆ 20 ದಿನಗಳ ತರಬೇತಿಗೆ ಅವಕಾಶ ಕಲ್ಪಿಸಿತು. 2018ರಲ್ಲಿ ಆ ಅಭಿಯಾನ ಸಮಗ್ರ ಶಿಕ್ಷಣದಲ್ಲಿ ವಿಲೀನವಾಯಿತು. 2019ರಲ್ಲಿ ನಿಷ್ಠಾ ಬಂತು, ಕೋವಿಡ್ ಕಾಲದಲ್ಲಿ ಅದು ದೀಕ್ಷಾ ವೇದಿಕೆಯ ಮೂಲಕ ಮೊಬೈಲಿಗೆ ಇಳಿಯಿತು. 2020ರ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಬೆಳವಣಿಗೆಯನ್ನು ನಿರೀಕ್ಷಿಸುತ್ತದೆ.

ಇನ್ನು ಒಂದು ಸಣ್ಣ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷದಲ್ಲಿ ಕನಿಷ್ಠ 200 ಶಾಲಾ ದಿನಗಳು. ಅವುಗಳಲ್ಲಿ 20 ದಿನ ಶಿಕ್ಷಕನು ತರಬೇತಿಯಲ್ಲಿದ್ದರೆ ಹತ್ತರಲ್ಲಿ ಒಂದು ದಿನ ಮಕ್ಕಳಿಗೆ ಆತನಿಲ್ಲ. ಕೆಲವು ತರಬೇತಿಗಳು ರಜೆಯಲ್ಲಿ ನಡೆದರೂ, ಎಲ್ಲ ವರ್ಷಗಳಲ್ಲೂ ಇಪ್ಪತ್ತು ದಿನ ತುಂಬದಿದ್ದರೂ, ನಷ್ಟ ನಷ್ಟವೇ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೋದರೆ ಇನ್ನೊಬ್ಬರು ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುತ್ತ ದಿನ ದೂಡಬೇಕು. ಮಕ್ಕಳು ತೆರುವ ಈ ಬೆಲೆಗೆ ಪ್ರತಿಯಾಗಿ ಅವರಿಗೆ ಮರಳಿ ಬಂದುದೇನು? ಈ ಪ್ರಶ್ನೆಗೆ ಉತ್ತರ ಹೇಳಬೇಕಾದ ಏಕೈಕ ಕಾಗದವೇ ಆ ಹಿಮ್ಮಾಹಿತಿ ನಮೂನೆ. ಅದು ಸುಳ್ಳು ಹೇಳಿದರೆ ಮೋಸ ಹೋಗುವವರು ಆ ಕೋಣೆಯಲ್ಲಿ ಇಲ್ಲದ ಮಕ್ಕಳು.

ಅದು ಸುಳ್ಳು ಹೇಳುವುದು ಯಾರ ದುರುದ್ದೇಶದಿಂದಲೂ ಅಲ್ಲ. ತುಂಬುವ ಸಂದರ್ಭವೇ ಹಾಗಿದೆ. ಹಾಜರಾತಿ ಪ್ರಮಾಣಪತ್ರ ಮೇಜಿನ ಮೇಲಿದೆ, ನಮೂನೆ ಕೊಟ್ಟವರಿಗೆ ಅದು ಸಿಗುತ್ತದೆ. ಪ್ರಯಾಣಭತ್ಯೆಯ ಸಹಿ ಬಾಕಿಯಿದೆ. ಊರಿಗೆ ಹೋಗುವ ಕೊನೆಯ ಬಸ್ಸು ಹೊರಡಲು ಸಿದ್ಧವಾಗಿದೆ. ನಮೂನೆಯ ಮೇಲ್ತುದಿಯಲ್ಲಿ ಹೆಸರು, ಶಾಲೆ, ಸಹಿಗಳಿಗೆ ಜಾಗವಿದೆ. ಅದನ್ನು ಸಂಗ್ರಹಿಸುವವರು ಮೂರು ದಿನ ಪಾಠ ಹೇಳಿದ ಸಂಪನ್ಮೂಲ ವ್ಯಕ್ತಿಗಳೇ. ಅವರೂ ನಮ್ಮವರೇ, ಪಕ್ಕದ ಊರಿನ ಶಿಕ್ಷಕರು; ನಾಳೆ ಅವರೇ ಶಾಲೆಯ ಸಂದರ್ಶನಕ್ಕೆ ಬರಬಹುದು. ಇಂಥಲ್ಲಿ ‘ಸಾಧಾರಣ’ ಎಂಬ ಚೌಕದಲ್ಲಿ ಗುರುತು ಹಾಕುವುದು ಮನೆಗೆ ಕರೆದು ಉಣಿಸಿದವರ ಅಡುಗೆಯನ್ನು ಎಲೆಯ ಮುಂದೆ ಕುಳಿತೇ ಹಳಿದಂತೆ. ನಮ್ಮ ಸೀಮೆಯ ಮರ್ಯಾದೆ ಅದನ್ನು ಒಪ್ಪುವುದಿಲ್ಲ. ಆ ಮರ್ಯಾದೆ ದೊಡ್ಡ ಗುಣ. ಅದನ್ನು ಅಳತೆಗೋಲಾಗಿ ಬಳಸಿದವರದು ತಪ್ಪು.

ಇದಾದ ಮೇಲೆ ಸಮಾರೋಪ. ‘ಶಿಬಿರಾರ್ಥಿಗಳ ಅನಿಸಿಕೆ’ ಎಂದು ಇಬ್ಬರನ್ನು ಕರೆಯುತ್ತಾರೆ. ಒಬ್ಬರು ಊಟವನ್ನು ಹೊಗಳುತ್ತಾರೆ, ಇನ್ನೊಬ್ಬರು ಒಂದು ಭಾವಗೀತೆ ಹಾಡುತ್ತಾರೆ. ಚಪ್ಪಾಳೆ, ವಂದನಾರ್ಪಣೆ. ವರದಿಯಲ್ಲಿ ‘ತರಬೇತಿಯು ಅತ್ಯಂತ ಯಶಸ್ವಿಯಾಗಿ ಜರುಗಿತು’ ಎಂಬ ವಾಕ್ಯ. ಅದು ತರಬೇತಿಗೆ ಮೊದಲೇ ಟೈಪಾಗಿದ್ದರೂ ಆಶ್ಚರ್ಯವಿಲ್ಲ.

ನಿಜ ಹೇಳಹೊರಟವರಿಗೆ ಏನಾಗುತ್ತದೆಂಬುದನ್ನೂ ಕಂಡಿದ್ದೇನೆ. ಯಾವ ಕೇಂದ್ರ, ಯಾವ ವರ್ಷ ಎಂಬುದು ಇಲ್ಲಿ ಮುಖ್ಯವಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಶಿಕ್ಷಕಿಯೊಬ್ಬರು ಚೌಕಗಳನ್ನೆಲ್ಲ ಬಿಟ್ಟು, ‘ಇತರ ಸಲಹೆಗಳು’ ಎಂಬಲ್ಲಿ ಹೀಗೆ ಬರೆದರು: ಇಲ್ಲಿ ತೋರಿಸಿದ್ದೆಲ್ಲ ತರಗತಿಗೊಬ್ಬ ಶಿಕ್ಷಕರಿರುವ ಶಾಲೆಗೆ, ನಮ್ಮಲ್ಲಿ ಐದು ತರಗತಿಗೆ ಇಬ್ಬರು, ಉಳಿದ ಮಕ್ಕಳು ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ಮೂರು ದಿನವೂ ಯಾರೂ ಹೇಳಲಿಲ್ಲ. ಸಂಘಟಕರು ಹಾಳೆಗಳನ್ನು ಜೋಡಿಸುವಾಗ ಇದನ್ನು ಓದಿ ಮೆಲ್ಲಗೆ ಬಂದು, “ಅಕ್ಕೋರ, ಹಿಂಗ ಬರೀಬ್ಯಾಡ್ರಿ. ಮ್ಯಾಲಿನವ್ರು ಓದ್ತಾರ. ಇನ್ನೊಂದು ಹಾಳಿ ಕೊಡ್ತೀನಿ, ತುಂಬಿ ಕೊಡ್ರಿ” ಎಂದರು. ಆಕೆ, “ಓದ್ಲಿ ಅಂತನ ಬರದೇನ್ರಿ ಸರ್” ಎಂದರು. ಆದರೂ ಎರಡನೆಯ ಹಾಳೆ ಬಂತು, ಬಸ್ಸಿನ ಹೊತ್ತೂ ಆಯಿತು, ಅತ್ಯುತ್ತಮದ ಹಗ್ಗ ಮತ್ತೆ ಬಾವಿಗಿಳಿಯಿತು. ಆ ಮೂರು ದಿನಗಳಲ್ಲಿ ಆ ಕೋಣೆಯಲ್ಲಿ ಹುಟ್ಟಿದ ಅತ್ಯಂತ ಬೆಲೆಬಾಳುವ ವಾಕ್ಯ ಕಸದ ಬುಟ್ಟಿಗೆ ಹೋಯಿತು.

ಇದು ನಮ್ಮ ಜಿಲ್ಲೆಯ ದೌರ್ಬಲ್ಯ ಮಾತ್ರವಲ್ಲ. ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ ಎಂಬ ವಿದ್ವಾಂಸರು 1959ರಲ್ಲಿಯೇ ತರಬೇತಿಯ ಮೌಲ್ಯಮಾಪನಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು. ಕಲಿಯುವವರಿಗೆ ಏನನ್ನಿಸಿತು, ಅವರು ಏನು ಕಲಿತರು, ಕೆಲಸದಲ್ಲಿ ಏನು ಬದಲಾಯಿತು, ಅದರಿಂದ ಸಂಸ್ಥೆಗೆ ಏನು ಫಲ ಬಂತು. ಜಗತ್ತಿನ ಬಹುತೇಕ ಕಚೇರಿಗಳು ಮೊದಲನೆಯ ಮೆಟ್ಟಿಲಿನಲ್ಲಿಯೇ ಕುಳಿತುಬಿಟ್ಟಿವೆ, ಏಕೆಂದರೆ ಅದು ಅಗ್ಗ ಮತ್ತು ಸುಲಭ. ಆ ಮೆಟ್ಟಿಲು ಎಷ್ಟು ಜಾರುತ್ತದೆಂಬುದಕ್ಕೆ 1970ರ ಒಂದು ಪ್ರಯೋಗ ಸಾಕ್ಷಿ. ಮೈಕೆಲ್ ಫಾಕ್ಸ್ ಎಂಬ ನಟನನ್ನು ‘ಡಾಕ್ಟರ್ ಮೈರನ್ ಫಾಕ್ಸ್’ ಎಂಬ ತಜ್ಞನ ವೇಷದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರ ಸಭೆಯ ಮುಂದೆ ನಿಲ್ಲಿಸಿದರು. ವಿಷಯ, ವೈದ್ಯರ ಶಿಕ್ಷಣಕ್ಕೆ ಗಣಿತದ ಆಟ ಸಿದ್ಧಾಂತದ ಅನ್ವಯ. ಮಾತಿನಲ್ಲಿ ಹುರುಳಿರಲಿಲ್ಲ, ಹಾಸ್ಯ, ಹೊಸದಾಗಿ ಹುಟ್ಟಿಸಿದ ಪದಗಳು, ಒಂದಕ್ಕೊಂದು ವಿರುದ್ಧವಾದ ಹೇಳಿಕೆಗಳು ಧಾರಾಳವಾಗಿದ್ದವು. ಉಪನ್ಯಾಸವನ್ನೋ ಅದರ ಚಿತ್ರಮುದ್ರಿಕೆಯನ್ನೋ ನೋಡಿದ ಮೂರು ಗುಂಪುಗಳ ಒಟ್ಟು 55 ವಿದ್ಯಾವಂತರು ಭರ್ತಿ ಮಾಡಿದ ನಮೂನೆಗಳಲ್ಲಿ ಮೆಚ್ಚುಗೆಯೇ ಹೆಚ್ಚಾಗಿತ್ತು. 1973ರಲ್ಲಿ ಪ್ರಕಟವಾದ ಈ ವರದಿಯನ್ನು ಓದಿದವರು ನಮ್ಮ ಅಕ್ಕೋರನ್ನೂ ಮಾಸ್ತರರನ್ನೂ ದೂರುವಂತಿಲ್ಲ.

ಇನ್ನೊಂದು ಅಧ್ಯಯನ ಇದಕ್ಕಿಂತ ಗಂಭೀರವಾದುದು. ಅಮೆರಿಕದ ವಾಯುಪಡೆಯ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳನ್ನು ಬೋಧಕರಿಗೆ ಚೀಟಿ ಎತ್ತಿದ ಹಾಗೆ ಹಂಚುತ್ತಿದ್ದರು. ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿ ಕ್ಯಾರೆಲ್ ಮತ್ತು ವೆಸ್ಟ್ ಎಂಬಿಬ್ಬರು 2010ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಆ ಪಾಠಕ್ರಮದ ಪರೀಕ್ಷೆಯಲ್ಲಿ ಹೆಚ್ಚು ಅಂಕ ತರಿಸಿದ ಬೋಧಕರಿಗೆ ವಿದ್ಯಾರ್ಥಿಗಳು ಒಳ್ಳೆಯ ಅಭಿಪ್ರಾಯ ಕೊಟ್ಟರು, ಆದರೆ ಅದನ್ನೇ ಆಧರಿಸಿದ ಮುಂದಿನ ಪಾಠಕ್ರಮಗಳಲ್ಲಿ ಚೆನ್ನಾಗಿ ಮಾಡಿದವರು, ಆಗ ಕಡಿಮೆ ಮೆಚ್ಚುಗೆ ಪಡೆದ ಅನುಭವಿ ಬೋಧಕರ ವಿದ್ಯಾರ್ಥಿಗಳು. ಆಳವಾಗಿ ಉತ್ತವನ ಹೊಲ ಮೊದಲ ದಿನ ಚೆಂದ ಕಾಣುವುದಿಲ್ಲ, ಮಳೆ ಬಂದ ಮೇಲೆ ಗೊತ್ತಾಗುತ್ತದೆ.

ಇಷ್ಟನ್ನು ಕೇಳಿ ಕೆಲವರು ಸಂತೋಷದಿಂದ, “ಹಾಗಾದರೆ ಕಲಿಯುವವರನ್ನು ಕೇಳುವುದೇ ಬೇಡ, ಮೇಲಿನವರು ತಪಾಸಣೆ ಮಾಡಿದರಾಯಿತು” ಎನ್ನಬಹುದು. ಅವರೊಂದಿಗೆ ನನ್ನ ಜಗಳ ಇನ್ನೂ ದೊಡ್ಡದು. ಸವದತ್ತಿ ತಾಲೂಕಿನ ನವಿಲುತೀರ್ಥದ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರೆಂಬುದು ಎಂಜಿನಿಯರರ ವಹಿಯಲ್ಲಿ ಇರುತ್ತದೆ. ಎಷ್ಟು ನೀರು ಮುಟ್ಟಿತೆಂಬುದನ್ನು ಕಾಲುವೆಯ ಕೊನೆಯಂಚಿನ ರೈತನೊಬ್ಬನೇ ಬಲ್ಲ. ನೀರು ಮುಟ್ಟದ ಹೊಲಕ್ಕೂ ಕರ ಕೇಳಿದಾಗ ಏನಾಗುತ್ತದೆಂಬುದನ್ನು 1980ರಲ್ಲಿ ನರಗುಂದ, ನವಲಗುಂದಗಳ ರೈತರು ತೋರಿಸಿಕೊಟ್ಟರು. ತರಬೇತಿಯೂ ಒಂದು ಕಾಲುವೆಯೇ. ರಾಜ್ಯಮಟ್ಟದಲ್ಲಿ ತಯಾರಾದ ಸಾಹಿತ್ಯ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ, ತಾಲೂಕಿನಿಂದ ಶಾಲೆಗೆ ಹರಿಯುತ್ತದೆ. ಪ್ರತಿ ತೂಬಿನಲ್ಲಿಯೂ ಒಂದಿಷ್ಟು ಸೋರುತ್ತದೆ. ಮೇಲೆ ಕುಳಿತವರಿಗೆ ಬಿಟ್ಟ ನೀರಿನ ಲೆಕ್ಕ ಮಾತ್ರ ಗೊತ್ತು. ಮುಟ್ಟಿದ ನೀರಿನ ಲೆಕ್ಕ ಶಿಕ್ಷಕನ ಬಳಿಯಿದೆ. ಅದನ್ನು ಕೇಳುವ ವೇಳೆ ಮತ್ತು ಕೇಳುವ ರೀತಿ ಬದಲಾಗಬೇಕು.

ಹೇಗೆಂಬುದಕ್ಕೆ ನನ್ನ ಸಹೋದ್ಯೋಗಿಯೊಬ್ಬರ ಉದಾಹರಣೆಯನ್ನು ಹೇಳುತ್ತೇನೆ. ಅವರು ಗಣಿತದ ಸಂಪನ್ಮೂಲ ವ್ಯಕ್ತಿಯಾಗಿದ್ದರು. ಭಿನ್ನರಾಶಿಯ ತರಬೇತಿಯ ಕೊನೆಯಲ್ಲಿ ಪ್ರತಿಯೊಬ್ಬರಿಗೂ ತಮ್ಮ ವಿಳಾಸ ಬರೆದ ಒಂದು ಅಂಚೆ ಕಾರ್ಡನ್ನು ಕೊಟ್ಟು, “ತಿಂಗಳೊಪ್ಪತ್ತು ಬಿಟ್ಟು ಬರೀರಿ. ಹೆಸರು ಬ್ಯಾಡ. ಏನು ಮಾಡಿ ನೋಡಿದ್ರಿ, ಎಲ್ಲಿ ಸಿಕ್ಕೊಂಡ್ರಿ, ಎರಡ ಮಾತು ಸಾಕು” ಎಂದು ಹೇಳಿ ಕಳಿಸಿದರು. ಅರ್ಧಕ್ಕಿಂತ ಕಡಿಮೆ ಕಾರ್ಡುಗಳು ಮರಳಿ ಬಂದವು. ಅವುಗಳಲ್ಲಿ ಹಲವು ಒಂದೇ ಮಾತನ್ನು ಹೇಳುತ್ತಿದ್ದವು. ಕಾಗದ ಮಡಚಿ ಅರ್ಧ, ಕಾಲು, ಅರೆಕಾಲು ತೋರಿಸುವುದು ಸಲೀಸಾಯಿತು. ಮೂರನೆಯ ಒಂದು ಭಾಗ ಬಂದಾಗ ಮಕ್ಕಳಿಗೆ ಸಮನಾಗಿ ಮಡಚಲು ಬರಲಿಲ್ಲ. ಪಾಠ ಅಲ್ಲಿಗೇ ನಿಂತಿತು. ಮುಂದಿನ ತರಬೇತಿಯಲ್ಲಿ ಅವರು ಮೊದಲ ಗಂಟೆಯಲ್ಲಿಯೇ ಆ ಕಾರ್ಡುಗಳನ್ನು ಓದಿ ಹೇಳಿ, ಪರಿಹಾರವನ್ನು ಮಾಡಿ ತೋರಿಸಿದರು. ಗೆರೆ ಹಾಕಿದ ನೋಟುಬುಕ್ಕಿನ ಪುಟದ ಮೇಲೆ ಕಾಗದದ ಪಟ್ಟಿಯನ್ನು ಓರೆಯಾಗಿಟ್ಟು, ಅದರ ಎರಡು ತುದಿಗಳ ನಡುವೆ ಸರಿಯಾಗಿ ಹನ್ನೆರಡು ಅಂತರಗಳು ಬರುವಂತೆ ಹೊಂದಿಸಿದರೆ, ನಾಲ್ಕನೆಯ ಮತ್ತು ಎಂಟನೆಯ ಗೆರೆಗಳು ಮುಟ್ಟುವಲ್ಲಿ ಪಟ್ಟಿ ಮೂರು ಸಮಭಾಗವಾಗುತ್ತದೆ. ಕತ್ತರಿ ಬೇಡ, ಸ್ಕೇಲು ಬೇಡ. ನೂರು ‘ಅತ್ಯುತ್ತಮ’ಗಳು ಕೊಡಲಾಗದ ಈ ಸುಧಾರಣೆಯನ್ನು ಕೆಲವು ಅಂಚೆ ಕಾರ್ಡುಗಳು ತಂದುಕೊಟ್ಟವು.

ಆ ಕಾರ್ಡುಗಳಲ್ಲಿ ಏನಿತ್ತು? ವ್ಯಕ್ತಿಯ ಕುರಿತು ಒಂದು ವಿಶೇಷಣವೂ ಇರಲಿಲ್ಲ. ಕೆಲಸದ ಕುರಿತು ಮಾತಿತ್ತು. ‘ಇವರು ಹೇಗಿದ್ದರು’ ಎಂದು ಕೇಳಿದರೆ ಮರ್ಯಾದೆ ಉತ್ತರಿಸುತ್ತದೆ. ‘ನೀವು ಏನು ಮಾಡಿದಿರಿ, ಎಲ್ಲಿ ಸಿಕ್ಕಿಕೊಂಡಿರಿ’ ಎಂದು ಕೇಳಿದರೆ ಅನುಭವ ಉತ್ತರಿಸುತ್ತದೆ.

ಸ್ಥಳದ ತಿಳಿವಳಿಕೆಯೂ ಇದೇ ದಾರಿಯಿಂದ ಬರಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರುಗಳು ಹೊರಟಾಗ ಸವದತ್ತಿಯ ಸುತ್ತಲಿನ ಶಾಲೆಗಳ ಹಾಜರಿ ಹೇಗಾಗುತ್ತದೆ, ರಾಮದುರ್ಗದ ಒಣಬೇಸಾಯದ ಹಳ್ಳಿಯಿಂದ ಗುಳೆ ಹೋಗಿ ಮರಳಿದ ಮಗುವನ್ನು ಎಲ್ಲಿಂದ ಹಿಡಿದು ಕಲಿಸಬೇಕು, ಮಗ್ಗದ ಮನೆಯಲ್ಲಿ ಬೆಳೆದು ಹಾಸು ಹೊಕ್ಕುಗಳ ಎಣಿಕೆಯನ್ನು ಬಲ್ಲ ಹುಡುಗಿಗೆ ಗುಣಾಕಾರವನ್ನು ಯಾವ ಕಡೆಯಿಂದ ತೋರಿಸಬೇಕು ಎಂಬುದು ಬೆಂಗಳೂರಿನಲ್ಲಿ ಮುದ್ರಣವಾದ ಕೈಪಿಡಿಯಲ್ಲಿರಲು ಸಾಧ್ಯವಿಲ್ಲ. ಇರಬೇಕೆಂದು ನಾನು ಕೇಳುವುದೂ ಇಲ್ಲ. ಅದು ತರಬೇತಿಗೆ ಬಂದ ನಲವತ್ತು ಜನರ ತಲೆಯಲ್ಲಿದೆ. ಮೂರು ದಿನ ಅವರಿಗೆ ಹೇಳುತ್ತ ಹೋಗಿ, ಕೊನೆಗೆ ಹತ್ತು ನಿಮಿಷ ಚೌಕಗಳನ್ನು ತುಂಬಿಸಿಕೊಂಡರೆ ಆ ತಿಳಿವಳಿಕೆಯೆಲ್ಲ ಅದೇ ಬಸ್ಸಿನಲ್ಲಿ ಮನೆಗೆ ಮರಳುತ್ತದೆ.

ಶಿಕ್ಷಕರ ಮಾತನ್ನು ಕೇಳಿದರೆ ಏನಾಗಬಲ್ಲದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಮೊಳೆಯಿತು. ಅಲ್ಲಿಯ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವ ಕಲಿಕಾ ಕಾರ್ಡುಗಳನ್ನು ತಾವೇ ರಚಿಸಿ, ತರಗತಿಯಲ್ಲಿ ಬಳಸಿ ನೋಡಿ ತಿದ್ದಿದರು. ಅಂದರೆ ಕಲಿಯಲು ಹೋದವರೇ ಕಲಿಕೆಯನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆ ವಿಸ್ತರಿಸಿತು. ವಿಸ್ತಾರವಾದಾಗ ತಟ್ಟೆಗಳೂ ಏಣಿಗಳೂ ಕಾರ್ಡುಗಳೂ ಎಲ್ಲ ಊರುಗಳಿಗೂ ತಲುಪಿದವು. ತಿದ್ದುವ ಹಕ್ಕು ಮಾತ್ರ ಅಷ್ಟೇ ಉದಾರವಾಗಿ ತಲುಪಲಿಲ್ಲವೆಂಬುದು ನನ್ನ ಅಭಿಪ್ರಾಯ. 2017-18ರಲ್ಲಿ ಬಂದ ಗುರುಚೇತನ ಕಾರ್ಯಕ್ರಮದಲ್ಲಿ ಶಿಕ್ಷಕರು ತಮಗೆ ಬೇಕಾದ ವಿಷಯವನ್ನು ತಾವೇ ಆರಿಸಿಕೊಳ್ಳುವಂತಾಯಿತು. ಅದು ಒಳ್ಳೆಯ ಹೆಜ್ಜೆ. ಆರಿಸಿಕೊಳ್ಳುವುದು ಮೊದಲರ್ಧವಾದರೆ, ಬಳಸಿ ನೋಡಿ ಮರಳಿ ಹೇಳುವುದು ಉಳಿದರ್ಧ.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಮೊದಲನೆಯದು: ಗುರುವನ್ನು ಶಿಷ್ಯ ತೂಗಬಹುದೇ? ತೂಗುವುದು ಬೇಡವೆಂದೇ ನನ್ನ ಮಾತು. ರೋಗಿ ವೈದ್ಯನಿಗೆ ಅಂಕ ಕೊಡಬೇಕಾಗಿಲ್ಲ, ಆದರೆ ಎಲ್ಲಿ ನೋವೆಂದು ಹೇಳದಿದ್ದರೆ ವೈದ್ಯನ ವಿದ್ಯೆ ವ್ಯರ್ಥ. ಹೇಳಬೇಡವೆನ್ನುವ ವೈದ್ಯನನ್ನು ಯಾರೂ ಗೌರವಿಸುವುದಿಲ್ಲ.

ಎರಡನೆಯದು ಸಂಪನ್ಮೂಲ ವ್ಯಕ್ತಿಗಳದು: ನಿಜ ಬರೆಸಿದರೆ ಅದು ನಮ್ಮ ಕುತ್ತಿಗೆಗೇ ಬರುತ್ತದಲ್ಲ? ಈ ಭಯ ನ್ಯಾಯವಾದುದು. ಅವರೂ ತರಗತಿಯಿಂದ ಎದ್ದು ಬಂದವರು. ಕೆಲವೇ ದಿನಗಳ ತಯಾರಿಯಲ್ಲಿ, ತಾವು ಬರೆಯದ ಕೈಪಿಡಿಯನ್ನು ಹಿಡಿದು, ತಮ್ಮಷ್ಟೇ ಅನುಭವಿಗಳ ಮುಂದೆ ನಿಂತವರು. ಹಿಮ್ಮಾಹಿತಿಯನ್ನು ಅವರ ಸೇವಾಪುಸ್ತಕಕ್ಕೆ ಅಂಟಿಸಿದ ದಿನ ಎರಡು ಅನಾಹುತಗಳಾಗುತ್ತವೆ. ಕಠಿಣ ಕೆಲಸ ಕೊಡುವ ಒಳ್ಳೆಯ ತರಬೇತುದಾರ ದಂಡನೆಗೊಳಗಾಗುತ್ತಾನೆ, ನಗಿಸಿ ಬೇಗ ಬಿಡುವವನು ಬಹುಮಾನ ಪಡೆಯುತ್ತಾನೆ. ಜತೆಗೆ, ತಮ್ಮ ಒಂದು ಮಾತಿನಿಂದ ಒಬ್ಬ ಸಹೋದ್ಯೋಗಿಗೆ ಕೇಡಾಗುತ್ತದೆಂದು ಗೊತ್ತಾದರೆ ಶಿಬಿರಾರ್ಥಿಗಳೂ ನಿಜ ಬರೆಯುವುದನ್ನು ಬಿಡುತ್ತಾರೆ. ಆದ್ದರಿಂದ ತಿದ್ದಿಕೊಳ್ಳಲು ಕೇಳುವ ಮಾತನ್ನೂ ಶಿಸ್ತುಕ್ರಮದ ಕಡತವನ್ನೂ ಒಂದೇ ದಾರದಲ್ಲಿ ಕಟ್ಟಬಾರದು.

ಹಾಗಾದರೆ ಮಾಡಬೇಕಾದುದೇನು? ನನ್ನ ಬೇಡಿಕೆಗಳು ಐದು, ಯಾವುದಕ್ಕೂ ಹೊಸ ಅನುದಾನ ಬೇಕಿಲ್ಲ. ಒಂದು, ನಮೂನೆಯಲ್ಲಿ ಹೆಸರು, ಸಹಿ ಇರಬಾರದು. ಅದನ್ನು ಸಂಗ್ರಹಿಸುವವರು ಪಾಠ ಹೇಳಿದವರಾಗಲಿ ಅಧಿಕಾರಿಗಳಾಗಲಿ ಆಗಿರಬಾರದು. ಪ್ರಮಾಣಪತ್ರಕ್ಕೂ ಅದಕ್ಕೂ ಸಂಬಂಧವಿರಬಾರದು. ಎರಡು, ಕೊನೆಯ ದಿನ ಊಟ, ಆಸನ, ನೀರಿನ ವಿಚಾರ ಮಾತ್ರ ಕೇಳಿ. ಕಲಿಕೆಯ ವಿಚಾರವನ್ನು ಆರೆಂಟು ವಾರಗಳ ನಂತರ, ಸಮೂಹ ಮಟ್ಟದ ಸಭೆಯಲ್ಲಿ ಕೇಳಿ. ಮೂರು, ಪ್ರಶ್ನೆಗಳು ಮೂರೇ ಇರಲಿ: ತರಗತಿಯಲ್ಲಿ ಏನನ್ನು ಮಾಡಿ ನೋಡಿದಿರಿ, ಎಲ್ಲಿ ಸಿಕ್ಕಿಕೊಂಡಿರಿ, ತರಬೇತಿಯಲ್ಲಿ ಹೇಳಬೇಕಾಗಿದ್ದು ಹೇಳದೆ ಉಳಿದುದೇನು? ನಾಲ್ಕು, ಉತ್ತರಗಳನ್ನು ಮೊದಲು ಓದುವವರು ಸಂಪನ್ಮೂಲ ವ್ಯಕ್ತಿಗಳು, ಅದೂ ಒಬ್ಬ ಅನುಭವಿ ಸಹೋದ್ಯೋಗಿಯ ಜತೆ ಕುಳಿತು. ಏಕಾಂತದಲ್ಲಿ ಓದಿದ ಟೀಕೆ ಮುಳ್ಳಾಗುತ್ತದೆ, ಇಬ್ಬರು ಓದಿದರೆ ಪಾಠವಾಗುತ್ತದೆ. ಐದು, ಮುಂದಿನ ತರಬೇತಿಯ ಮೊದಲ ಅರ್ಧ ಗಂಟೆ ‘ಕಳೆದ ಸಲ ನೀವು ಹೀಗೆ ಹೇಳಿದಿರಿ, ನಾವು ಇದನ್ನು ಬದಲಿಸಿದೆವು, ಇದನ್ನು ಬದಲಿಸಲಾಗಲಿಲ್ಲ, ಕಾರಣ ಇದು’ ಎಂಬ ಮಾತಿಗೆ ಮೀಸಲಾಗಲಿ. ಐದರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದರೆ ಈ ಐದನೆಯದನ್ನೇ ಆರಿಸಿಕೊಳ್ಳುವೆ. ತಾನು ಹೇಳಿದ ಮಾತಿಗೆ ಒಮ್ಮೆ ಉತ್ತರ ಬಂದುದನ್ನು ಕಂಡ ಶಿಕ್ಷಕ ಮುಂದೆ ಸುಳ್ಳು ಬರೆಯಲಾರ.

ನನ್ನ ವಿದ್ಯಾರ್ಥಿಗಳಲ್ಲಿ ಯಾರು ಯಾರು ಇಂದು ತರಬೇತಿ ಕೊಡುವ ಇಲ್ಲವೆ ಕೊಡಿಸುವ ಸ್ಥಾನದಲ್ಲಿದ್ದೀರೋ, ನಿಮ್ಮ ಮೇಜಿಗೆ ಬರುವ ಐದು ನಕ್ಷತ್ರಗಳನ್ನು ಕಂಡು ಹಿಗ್ಗಬೇಡಿ. ಎಲ್ಲರೂ ‘ಅತ್ಯುತ್ತಮ’ ಎಂದಿದ್ದರೆ ಅವರಿಗೆ ಬಸ್ಸಿನ ಹೊತ್ತಾಗಿತ್ತೆಂದು ತಿಳಿಯಿರಿ. ಎರಡು ತಿಂಗಳು ಬಿಟ್ಟು ಅವರು ಕೆಲಸ ಮಾಡುವ ಜಾಗಕ್ಕೆ ಹೋಗಿ, ಕೈಯಲ್ಲಿ ನಮೂನೆ ಹಿಡಿಯದೆ, “ಎಲ್ಲಿ ಸಿಕ್ಕೊಂಡೀರಿ?” ಎಂದು ಕೇಳಿ. ಅಲ್ಲಿ ಯಾರಾದರೂ ನಿಮ್ಮ ತರಬೇತಿಯ ಒಂದು ಕೊರತೆಯನ್ನು ನಿಮ್ಮ ಮುಖಕ್ಕೇ ಹೇಳಿದರೆ ಅವರ ಮಾತನ್ನು ಅವರ ಎದುರಿಗೇ ಬರೆದುಕೊಳ್ಳಿ. ಎರಡನೆಯ ಹಾಳೆಯನ್ನು ಮಾತ್ರ ಕೊಡಬೇಡಿ.